ಗೋಡೆ ಗಡಿಯಾರದ ಅರ್ಧ ಗಂಟೆ

ಸಸಿ ಬೆಳೆಸುವವರ ಕಷ್ಟ ಸಸಿ ಬೆಳೆಸುವವರಿಗೇ ಗೊತ್ತು. ತಟ್ಟೆಯ ಒಂದೊಂದು ಗುಳಿಯಲ್ಲೂ ಒಂದು ಚಿಟಿಕೆ ಮಣ್ಣು, ಅದರಲ್ಲಿ ಬೆರಳುದ್ದದ ಟೊಮೇಟೊ ಸಸಿ. ಬಿಸಿಲೇರಿದ ದಿನ ಎರಡು ಹೊತ್ತು ನೀರು ತಪ್ಪಿದರೆ ಸಾಕು, ಕತ್ತು ಬಾಗಿಸಿ ಮಲಗಿಬಿಡುತ್ತದೆ. ಅದಕ್ಕೇ ಅಂಥ ಮನೆಯಲ್ಲಿ ಯಾರಾದರೊಬ್ಬರು ಕಟ್ಟಿಹಾಕಿದ ಹಾಗೆ ಇರಬೇಕಾಗುತ್ತದೆ. ಸಸಿಯಣ್ಣನ ಮನೆಯಲ್ಲಿ ಹಾಗಿದ್ದವಳು ಅವನ ಹೆಂಡತಿ.

ಊರವರೆಲ್ಲ ಅವನನ್ನು ಸಸಿಯಣ್ಣ ಅಂತಲೇ ಕರೆಯುತ್ತಿದ್ದರು. ಮನೆಯ ಹಿಂದೆ ಹಸಿರು ನೆರಳುಬಲೆಯ ಚಪ್ಪರ. ಅದರಡಿ ಸೊಂಟದೆತ್ತರದ ಹಲಗೆಗಳ ಮೇಲೆ ಸಾಲು ಸಾಲು ತಟ್ಟೆ. ಮೂಲೆಯಲ್ಲೊಂದು ಸಿಮೆಂಟ್ ತೊಟ್ಟಿ, ಪಕ್ಕದಲ್ಲಿ ಸಣ್ಣ ಮೋಟಾರ್. ಬೀದಿಯ ನಲ್ಲಿ ನೀರು ಬೆಳಿಗ್ಗೆ ಆರಕ್ಕೆ ಬಂದು ತೊಟ್ಟಿಗೆ ಬೀಳುತ್ತಿತ್ತು; ಸಂಜೆಯ ಹೊತ್ತಿಗೆ ತೊಟ್ಟಿಯ ತಳ ಕಾಣುತ್ತಿತ್ತು. ದಿನಕ್ಕೆ ನಾಲ್ಕು ಹೊತ್ತು, ಹೊತ್ತಿಗೆ ನಾಲ್ಕು ನಿಮಿಷ ಮೋಟಾರ್ ಓಡಿಸಬೇಕು. ಸಸಿಯಣ್ಣ ಬೆಳಿಗ್ಗೆ ಐದೂಕಾಲಿಗೇ ಗಾಡಿಗೆ ತಟ್ಟೆ ಏರಿಸಿಕೊಂಡು ಮಾರಲು ಹೊರಟರೆ ಬರುತ್ತಿದ್ದುದು ಮಧ್ಯಾಹ್ನ ಮೂರಕ್ಕೆ. ಎಲ್ಲ ಸೇರಿ ಹದಿನಾರು ನಿಮಿಷದ ಆ ಕೆಲಸಕ್ಕಾಗಿ ಹೆಂಡತಿ ಆರು ವರ್ಷ ಎಲ್ಲಿಯೂ ಹೋಗಿ ಒಂದು ದಿನ ಉಳಿದವಳಲ್ಲ.

ಎಂಟು ತಿಂಗಳ ಹಿಂದೆ ಅವಳ ತಾಯಿ ಹಾಸಿಗೆ ಹಿಡಿದರು. ಆಗ ಅವಳೇ ಟೆಸ್ಟರಮ್ಮನನ್ನು ಕರೆಸಿ ಮೋಟಾರಿಗೆ ಡಿಜಿಟಲ್ ಟೈಮರ್ ಹಾಕಿಸಿದಳು. ಟೆಸ್ಟರಮ್ಮ ಆ ಬೀದಿಗಳ ವೈರಿಂಗ್ ಕೆಲಸ ಮಾಡುವ ಹೆಂಗಸು. ತುರುಬಿಗೆ ಟೆಸ್ಟರ್ ಸಿಕ್ಕಿಸಿಕೊಂಡೇ ತಿರುಗುತ್ತಿದ್ದುದರಿಂದ ಆ ಹೆಸರು.

ವೈರ್ ಜೋಡಿಸಿ ಮುಗಿಸಿ ಅವಳು ಹೇಳಿದ್ದಳು, "ಟೈಮ್ ಕೂರಿಸೋಕೆ ನಾಳೆ ಬರ್ತೀನಿ ಅಣ್ಣ. ಅಕ್ಕನಿಗೂ ನಿಮಗೂ ಕಲಿಸಿಕೊಟ್ಟು ಹೋಗ್ತೀನಿ."

"ಐದು ಗುಂಡಿ ಒತ್ತೋಕೆ ಇನ್ನೊಂದು ದಿನ ಬೇಕಾ? ನಾನೇನು ಹೆಬ್ಬೆಟ್ಟು ಅಂದ್ಕೊಂಡ್ಯಾ?" ಅಂದಿದ್ದ ಸಸಿಯಣ್ಣ.

ಹೆಂಡತಿ ನಾಲ್ಕು ಹೊತ್ತಿನ ಸಮಯವನ್ನು ಚೀಟಿಯಲ್ಲಿ ಬರೆದುಕೊಟ್ಟಳು. ಆರು ಹತ್ತು, ಹತ್ತು ಗಂಟೆ, ಒಂದೂವರೆ, ಐದು. ಅವನು ಅಡುಗೆಮನೆಗೂ ಮೋಟಾರಿಗೂ ಎರಡು ಸಲ ಓಡಾಡಿ ಗುಂಡಿಗಳನ್ನು ಒತ್ತಿ, "ಆಯ್ತು, ನೀನು ಹೊರಡು" ಅಂದ. ಅವಳು ಸಂಜೆಯ ಬಸ್ಸಿಗೆ ಹೋದಳು.

ಮರುದಿನ ಮೂರು ಗಂಟೆಗೆ ಅವನು ಮನೆಗೆ ಬಂದಾಗ ಚಪ್ಪರದಲ್ಲಿ ಒಂದು ಹನಿ ನೀರೂ ಬಿದ್ದಿರಲಿಲ್ಲ. ಸಸಿಗಳು ಯಾರೋ ಅಂಗೈಯಿಂದ ಒತ್ತಿದ ಹಾಗೆ ಮಲಗಿದ್ದವು. ತೊಟ್ಟಿಯಲ್ಲಿ ನೀರು ತುಂಬಿತ್ತು. ಮೋಟಾರ್ ಹಾಕಿದರೆ ಬರೀ ಸದ್ದು, ನೀರು ಎಳೆಯುತ್ತಿಲ್ಲ. ಫೋನ್ ಎತ್ತಿಕೊಂಡ.

"ನಿನ್ನ ಡಬ್ಬಿ ಕೈ ಕೊಡ್ತು. ಹೊರಟು ಬಾ."

"ಇವತ್ತೇನಾ?"

"ಇವತ್ತಲ್ಲದೆ? ಎಲ್ಲ ಒಣಗಿದ ಮೇಲೆ ಬರ್ತೀಯಾ?"

ಅವಳು ಬಂದಳು. ಬಿಂದಿಗೆಯಲ್ಲಿ ನೀರು ಹೊತ್ತು ಅರ್ಧದಷ್ಟು ಸಸಿ ಉಳಿಸಿದಳು. ಮೂರನೇ ದಿನ ಅವಳ ತಾಯಿ ತೀರಿಕೊಂಡರು.

ಅವಳು ಬೈಯಲಿಲ್ಲ. ಬೈದಿದ್ದರೆ ಆ ಬೈಗುಳಕ್ಕೆ ಒಂದು ಕೊನೆ ಇರುತ್ತಿತ್ತು ಎಂದು ಸಸಿಯಣ್ಣನಿಗೆ ಎಷ್ಟೋ ಸಲ ಅನಿಸಿತ್ತು. ಊಟ ಬಡಿಸುವಳು, ಕೇಳಿದ್ದಕ್ಕೆ ಉತ್ತರ ಕೊಡುವಳು, ಹೊತ್ತಿಗೆ ಸರಿಯಾಗಿ ನೀರು ಹಾಕುವಳು. ತಾಯಿಯ ವಿಷಯವನ್ನು ಮಾತ್ರ ಎತ್ತುತ್ತಿರಲಿಲ್ಲ. ಅವನು ಟೈಮರಿನ ಪರದೆಯ ಬಾಣವನ್ನು ಆಫ್ ಮೇಲೆ ನಿಲ್ಲಿಸಿ, ಅದಕ್ಕೊಂದು ಹಳೇ ಟವೆಲ್ ಹೊದಿಸಿ, ಕಂಡವರಿಗೆಲ್ಲ "ಆ ಡಬ್ಬಿ ನಂಬಿ ಕೆಟ್ಟೆ" ಎಂದು ಹೇಳಿಕೊಂಡು ತಿರುಗಿದ. ಯಾರನ್ನೋ ಕರೆಸಿ ಮೋಟಾರ್ ನೀರೆಳೆಯುವ ಹಾಗೆ ಮಾಡಿಸಿದ್ದಾಯಿತು; ಅದಕ್ಕೆ ಮತ್ತೆ ಕೈಸ್ವಿಚ್ಚೇ ಗತಿಯಾಯಿತು.

ಹೀಗಿರುವಾಗ ಒಂದು ಸಂಜೆ ಅವಳ ಅಕ್ಕನ ಫೋನ್ ಬಂತು. ತಾಯಿಯನ್ನು ಕೊನೆಯವರೆಗೆ ನೋಡಿಕೊಂಡವಳು ಆ ಅಕ್ಕ. ಈಗ ಅವಳಿಗೇ ಹೊಟ್ಟೆಯ ಆಪರೇಷನ್. ಹತ್ತು ದಿನ ಜೊತೆಗಿರಲು ತಂಗಿಯನ್ನು ಕರೆದಿದ್ದಳು. ಬಾಗಿಲಲ್ಲಿ ಕಾಲು ತೊಳೆಯುತ್ತಿದ್ದ ಸಸಿಯಣ್ಣನಿಗೆ ಹೆಂಡತಿಯ ಮಾತಷ್ಟೇ ಕೇಳಿಸಿತು.

"ಆಗಲ್ಲ ಅಕ್ಕ. ಇಲ್ಲಿ ನೀರು ಹಾಕೋರಿಲ್ಲ."

ಹೇಳಿದ ದನಿಯಲ್ಲಿ ದೂರಿರಲಿಲ್ಲ, ಬೇಸರವೂ ಇರಲಿಲ್ಲ. ಅಂಗಡಿಯಲ್ಲಿ ಸಾಮಾನು ಮುಗಿದಿದೆ ಅನ್ನುವ ಹಾಗಿತ್ತು. ಅವನು ತಂಬಿಗೆಯ ನೀರೆಲ್ಲ ಸುರಿದು ಮುಗಿದ ಮೇಲೂ ಅಲ್ಲೇ ನಿಂತಿದ್ದ.

ಮರುದಿನ ಗಾಡಿ ಹೊರಡಿಸದೆ ಟೆಸ್ಟರಮ್ಮನ ಅಂಗಡಿಗೆ ಹೋದ. ಅವಳು ಬಿಚ್ಚಿದ ಫ್ಯಾನಿನ ಮೇಲಿಂದ ತಲೆ ಎತ್ತಿದಳು.

"ಏನಣ್ಣ, ದಾರಿ ತಪ್ಪಿ ಬಂದ್ರಾ? ನಾನು ಹಾಕಿದ ಡಬ್ಬಿ ಕೆಟ್ಟದ್ದು ಅಂತ ಬೀದಿಯೆಲ್ಲ ಡಂಗುರ ಹೊಡೆದ್ರಲ್ಲ."

"ಹೊಡೆದದ್ದು ನಿಜ. ಒಂದ್ಸಲ ಬಂದು ನೋಡು ತಂಗಿ. ಇವಳನ್ನ ಅವಳ ಅಕ್ಕನ ಹತ್ರ ಕಳಿಸಬೇಕು."

"ಡಂಗುರ ವಾಪಸ್ ತಗೋತೀರಾ?"

"ನೋಡಿ ಹೇಳು, ಆಮೇಲೆ ತಗೋತೀನಿ."

ಟೆಸ್ಟರಮ್ಮ ಬಂದು ಟವೆಲ್ ಸರಿಸಿದಳು. ಡಬ್ಬಿಗೆ ಹೋಗುವ ಕರೆಂಟನ್ನು ಯಾರೂ ತೆಗೆದಿರಲಿಲ್ಲ. ಅದು ಎಂಟು ತಿಂಗಳಿಂದ ಕತ್ತಲಲ್ಲಿ ತನ್ನ ಪಾಡಿಗೆ ಗಂಟೆ ಎಣಿಸುತ್ತಿತ್ತು. ಅವಳು ಗುಂಡಿ ಒತ್ತಿ ಒತ್ತಿ ಒಳಗಿನ ಲೆಕ್ಕವನ್ನೆಲ್ಲ ನೋಡಿದಳು.

"ನಾಲ್ಕು ಆನ್, ನಾಲ್ಕು ಆಫ್. ಏಳೂ ದಿನ. ಸರಿಯಾಗೇ ಹಾಕಿದ್ದೀರಲ್ಲ ಅಣ್ಣ, ಪರವಾಗಿಲ್ಲ ನೀವು." ಆಮೇಲೆ ತನ್ನ ಫೋನ್ ತೆಗೆದು ಪರದೆಯ ಪಕ್ಕ ಹಿಡಿದಳು. "ನನ್ನ ಫೋನಲ್ಲಿ ಒಂಬತ್ತೂ ಇಪ್ಪತ್ತು. ನಿಮ್ಮ ಡಬ್ಬೀಲಿ ಒಂಬತ್ತೂ ಐವತ್ತು. ಯಾವ ಗಡಿಯಾರ ನೋಡಿ ಇಟ್ರಿ?"

"ಮನೇದೇ. ಅಡುಗೆಮನೆ ಗೋಡೇದು" ಎಂದವನು ಅಲ್ಲಿಗೇ ನಿಂತುಬಿಟ್ಟ.

ಆ ಗಡಿಯಾರವನ್ನು ಅರ್ಧ ಗಂಟೆ ಮುಂದಿಟ್ಟವನು ಅವನೇ. ಮದುವೆಯಾದ ಹೊಸದರಲ್ಲಿ, ಹೆಂಡತಿ ಬೆಳಿಗ್ಗೆ ತಡಮಾಡುತ್ತಾಳೆಂದು ಗೊಣಗಿ ಗೊಣಗಿ, ಒಂದು ದಿನ ಸ್ಟೂಲ್ ಹತ್ತಿ ಮುಳ್ಳು ತಿರುಗಿಸಿದ್ದ. ಆಮೇಲೆ ಅದು ಮನೆಯ ರೂಢಿಯಾಯಿತು. ಗಡಿಯಾರ ಆರೂವರೆ ತೋರಿಸಿದರೆ ಇಬ್ಬರೂ ಮನಸ್ಸಿನಲ್ಲೇ ಅರ್ಧ ಗಂಟೆ ಕಳೆದು ಆರು ಎಂದುಕೊಳ್ಳುವರು. ಕಳೆಯುತ್ತಿದ್ದೇವೆ ಅನ್ನುವುದೇ ಮರೆತುಹೋಗಿತ್ತು. ಹೆಂಡತಿಯ ಚೀಟಿಯಲ್ಲಿದ್ದದ್ದು ಕಳೆದ ಮೇಲಿನ ಸಮಯ. ಅವನು ಡಬ್ಬಿಯ ಗಡಿಯಾರಕ್ಕೆ ಇಟ್ಟದ್ದು ಕಳೆಯದ ಸಮಯ.

"ನಿಮ್ಮ ಆರು ಹತ್ತು ಅಂದ್ರೆ ನಿಜವಾಗಿ ಐದೂ ನಲವತ್ತು," ಟೆಸ್ಟರಮ್ಮ ನಿಧಾನವಾಗಿ ಹೇಳಿದಳು. "ನಲ್ಲಿ ಬರೋದು ಆರಕ್ಕೆ. ಖಾಲಿ ತೊಟ್ಟೀಲಿ ಮೋಟಾರ್ ಓಡಿ ಗಾಳಿ ಎಳ್ಕೊಂಡಿದೆ. ಒಂದ್ಸಲ ಗಾಳಿ ಹಿಡಿದ್ರೆ ಆಮೇಲೆ ತೊಟ್ಟಿ ತುಂಬಿದ್ರೂ ನೀರು ಎಳೆಯಲ್ಲ. ಡಬ್ಬಿ ನೀವು ಹೇಳಿದ್ದನ್ನೇ ಮಾಡಿದೆ ಅಣ್ಣ."

ಡಬ್ಬಿ ಕೆಟ್ಟಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಸಸಿಯಣ್ಣನಿಗೆ ಅನಿಸಿತು. ಎಂಟು ತಿಂಗಳು ಅದರ ಮೇಲೆ ಹೊರಿಸಿದ್ದೆಲ್ಲ ಒಟ್ಟಿಗೆ ಅವನ ಮೇಲೆ ಬಂದು ಕುಳಿತಿತ್ತು. ತಿರುಗಿ ನೋಡಿದರೆ ಹೆಂಡತಿ ತಟ್ಟೆ ಹಿಡಿದುಕೊಂಡು ಹಲಗೆಯ ಪಕ್ಕ ನಿಂತಿದ್ದಾಳೆ. ಎಷ್ಟು ಹೊತ್ತಿಂದ ಅಲ್ಲಿದ್ದಳೋ.

"ಡಬ್ಬಿ ತಪ್ಪಲ್ಲ," ಅಂದ ಅವನು. "ನಂದು. ಗೋಡೆ ಗಡಿಯಾರ ನೋಡಿ ಇಟ್ಟೆ. ನಿನ್ನನ್ನ ಅವತ್ತು ಕರೆಸಿದ್ದೂ ನಂದೇ ತಪ್ಪು."

ಅವಳು ತಟ್ಟೆಯನ್ನು ಹಲಗೆಯ ಮೇಲಿಟ್ಟಳು. ಅಂಚು ಸರಿಯಾಗಿ ಕೂತಿದೆಯೇ ಎಂದು ನೋಡಿದಳು.

"ಅಮ್ಮ ನನ್ನ ಕೈ ಹಿಡ್ಕೊಂಡಿದ್ರು," ಅಂದಳು. "ಬಿಡಿಸ್ಕೊಂಡು ಬಂದೆ."

ಟೆಸ್ಟರಮ್ಮ ತುರುಬಿನ ಟೆಸ್ಟರ್ ತೆಗೆದು ಒರೆಸುತ್ತ ಬೇರೆ ಕಡೆ ನೋಡಿದಳು. ಬೀದಿಯಲ್ಲಿ ಒಂದು ಸೈಕಲ್ ಹೋದದ್ದು ಕೇಳಿಸಿತು. ಆಮೇಲೆ ಹೆಂಡತಿಯೇ ಸೆರಗಿಗೆ ಕೈ ಒರೆಸಿಕೊಂಡು ಮುಂದೆ ಬಂದಳು.

"ಗುಂಡಿ ತೋರಿಸು ತಂಗಿ. ಈ ಸಲ ನಾನೇ ಒತ್ತುತ್ತೀನಿ."

"ಬನ್ನಿ ಅಕ್ಕ. ಮೊದಲು ಇವತ್ತಿನ ದಿನ, ಈಗಿನ ಗಂಟೆ. ಈ ಗಡಿಯಾರದ ಗುಂಡಿ ಒತ್ತಿ ಹಿಡ್ಕೊಂಡೇ ದಿನ, ಗಂಟೆ, ನಿಮಿಷದ ಗುಂಡಿ ಒಂದೊಂದಾಗಿ ಒತ್ತಿ. ಫೋನ್ ನೋಡ್ಕೊಂಡು ಇಡಿ. ಮಧ್ಯಾಹ್ನ ಒಂದೂವರೆ ಅಂದ್ರೆ ಇದರಲ್ಲಿ ಹದಿಮೂರು ಮೂವತ್ತು. ಸಂಜೆ ಐದು ಅಂದ್ರೆ ಹದಿನೇಳು. ಬರೀ ಐದು ಅಂತ ಇಟ್ರೆ ಮುಂಜಾನೆ ಐದಕ್ಕೆ ಓಡುತ್ತೆ."

"ಹೂಂ. ಆಮೇಲೆ?"

"ಈಗ ಪ್ರೋಗ್ರಾಮ್ ಗುಂಡಿ. ಒಂದು ಆನ್, ಅದಕ್ಕೊಂದು ಆಫ್. ಆರು ಹತ್ತಕ್ಕೆ ಆನ್, ಆರು ಹದಿನಾಲ್ಕಕ್ಕೆ ಆಫ್. ಆಫ್ ಕೊಡೋದು ಮರೆತ್ರೆ ಸಸಿಗಳು ಈಜು ಕಲಿತಾವೆ."

ಹೆಂಡತಿಯ ತುಟಿಯಂಚು ಸ್ವಲ್ಪ ಸಡಿಲವಾಯಿತು. ಸಸಿಯಣ್ಣ ಅದನ್ನು ನೋಡಿ ಬೇಗನೆ ಕಣ್ಣು ತಗ್ಗಿಸಿದ.

"ಆರು ಹತ್ತು ಬೇಡ, ಏಳಕ್ಕೆ ಇಡೋಣ," ಅಂದಳು ಅವಳು. "ಒಂದೊಂದು ದಿನ ನಲ್ಲಿ ತಡ ಆಗುತ್ತೆ. ನಾನಿದ್ರೆ ಸದ್ದು ಕೇಳಿ ಹಾಕ್ತೀನಿ. ಇದಕ್ಕೆ ಕಿವಿ ಇಲ್ವಲ್ಲ."

"ಬುದ್ಧಿ ಅಂದ್ರೆ ಇದು ನೋಡಿ ಅಣ್ಣ. ಅಷ್ಟೇ ಸಾಲದು, ತೊಟ್ಟಿಗೊಂದು ತೇಲೋ ಸ್ವಿಚ್ ಹಾಕ್ತೀನಿ. ನೀರಿಲ್ಲದಿದ್ರೆ ಮೋಟಾರ್ ಓಡೋದೇ ಇಲ್ಲ."

"ಈ ಪಕ್ಕದ ದೊಡ್ಡ ಡಬ್ಬಿ ಯಾಕೆ?" ಸಸಿಯಣ್ಣ ಕೇಳಿದ. ಕೇಳದೆ ಇರುವುದು ಇನ್ನು ಸಾಕು ಅನಿಸಿತ್ತು ಅವನಿಗೆ.

"ಅದು ಕಾಂಟ್ಯಾಕ್ಟರ್. ಟೈಮರೊಳಗೆ ಇರೋದು ರಿಲೇ ಅನ್ನೋ ಪುಟ್ಟ ಸ್ವಿಚ್, ಮೋಟಾರ್ ಭಾರ ನೇರ ಅದರ ಮೇಲೆ ಹಾಕಿದ್ರೆ ಸುಟ್ಟುಹೋಗುತ್ತೆ. ಟೈಮರ್ ಇದಕ್ಕೆ ಹೇಳುತ್ತೆ, ಇದು ಮೋಟಾರ್ ಓಡಿಸುತ್ತೆ. ಇದರ ವೈರ್ ನೀವು ಮುಟ್ಟಬೇಡಿ. ಗುಂಡಿ ನಿಮ್ದು, ವೈರ್ ನಂದು."

ಕೊನೆಗೆ ಅವಳು ಬಾಣದ ಗುರುತು ತೋರಿಸಿದಳು. "ಆಫ್ ಕಡೆಯಿಂದ ಆಟೋಗೆ ಬನ್ನಿ, ಅಂದ್ರೆ ತಾನಾಗೇ ಓಡೋ ಕಡೆಗೆ. ಆನ್ ಕಡೆಯಿಂದ ಬಂದ್ರೆ ಮುಂದಿನ ಆಫ್ ತನಕ ಓಡ್ತಾನೇ ಇರುತ್ತೆ. ಆಟೋ ಮೇಲೆ ಇಡದಿದ್ರೆ ಒತ್ತಿದ್ದೆಲ್ಲ ದಂಡ."

ತೊಟ್ಟಿಗೆ ತೇಲುವ ಸ್ವಿಚ್ ಕಟ್ಟಿ, ಎರಡು ನಿಮಿಷ ಬಿಟ್ಟು ಓಡುವಂತೆ ಒಂದು ಪ್ರೋಗ್ರಾಮ್ ಕೊಟ್ಟು ಮೂವರೂ ಕಾದರು. ಟಿಕ್ ಎಂದಿತು. ನೆರಳುಬಲೆಯಡಿ ನೀರು ಸಣ್ಣಗೆ ಹರಡಿತು. ಟೆಸ್ಟರಮ್ಮ ಆ ಪ್ರೋಗ್ರಾಮ್ ಅಳಿಸಿದಳು. ಕರೆಂಟ್ ತೆಗೆದು, ಒಳಗಿನ ಬ್ಯಾಟರಿಯಲ್ಲಿ ಗಂಟೆ ಉಳಿಯುತ್ತದೆಯೇ ಎಂದೂ ನೋಡಿದಳು. ಸಮಯಗಳನ್ನು ಒಂದು ಕಾಗದದಲ್ಲಿ ಬರೆಸಿ ಡಬ್ಬಿಯ ಪಕ್ಕ ಅಂಟಿಸಿದಳು.

"ಮೂರು ದಿನ ಇಬ್ಬರೂ ಮನೇಲಿದ್ದು ನೋಡಿ. ಕೈ ಹಾಕಬೇಡಿ, ಬರೀ ನೋಡಿ. ಆಮೇಲೆ ಹೋಗಿ ಅಕ್ಕ."

ಮೂರು ದಿನ ಸಸಿಯಣ್ಣ ಗಾಡಿ ತೆಗೆಯಲಿಲ್ಲ. ಹೊತ್ತು ಹೊತ್ತಿಗೆ ಹೆಂಡತಿಯ ಪಕ್ಕ ಕೈಕಟ್ಟಿ ನಿಂತು, ನೀರು ಬಂದು ನಿಲ್ಲುವುದನ್ನು ನೋಡಿದ. ನಾಲ್ಕನೇ ದಿನ ಅವಳನ್ನು ಬಸ್ಸಿಗೆ ಹತ್ತಿಸಿದ. "ಫೋನ್ ಮಾಡಲ್ಲ ನಾನು" ಎಂದ. ಅವಳು ಅವನ ಮುಖವನ್ನೊಮ್ಮೆ ನೋಡಿ ಕಿಟಕಿಯ ಪಕ್ಕ ಕುಳಿತಳು.

ಫೋನ್ ಮಾಡಿದವಳು ಅವಳೇ, ಆರನೇ ದಿನ.

"ಸಸಿ ಹೇಗಿವೆ?"

"ನಿಂತಿವೆ. ಹತ್ತು ದಿನ ಅಂತ ಲೆಕ್ಕ ಇಟ್ಕೋಬೇಡ. ಅಕ್ಕ ಏಳೋವರೆಗೂ ಇರು."

 

"ಅಕ್ಕನ ತಲೆ ಬಾಚ್ತಾ ಇದ್ದೀನಿ," ಅಂದಳು. "ಆಮೇಲೆ ಮಾತಾಡ್ತೀನಿ." ಫೋನ್ ಇಟ್ಟಳು. ಅವನು ಅಲ್ಲೇ ಹಲಗೆಗೆ ಒರಗಿ ನಿಂತ. ತಾಯಿಯ ತಲೆಯನ್ನೂ ಅವಳು ಹೀಗೇ ಬಾಚಬಹುದಿತ್ತು. ಇನ್ನು ಆಗುವ ಹಾಗಿಲ್ಲ.

ಇದನ್ನು ಓದುತ್ತಿರುವ, ಸಂಘದಲ್ಲಿ ಕುಳಿತು ಕೇಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯ ಮೋಟಾರಿಗೂ ಟೈಮರ್ ಇದ್ದರೆ ಇವತ್ತೇ ಹೋಗಿ ಅದರ ಮುಖ ನೋಡಿ. ಅದು ತೋರಿಸುವ ದಿನ, ಗಂಟೆ ನಿಜವಾದದ್ದೇ? ಪ್ರತಿ ಆನ್‌ಗೂ ಒಂದು ಆಫ್ ಇದೆಯೇ? ಬಾಣ ಆಟೋ ಮೇಲಿದೆಯೇ? ವೈರಿಗೆ ಬಲ್ಲವರನ್ನೇ ಕರೆಯಿರಿ, ಗುಂಡಿಯನ್ನು ಮನೆಯಲ್ಲಿ ಇಬ್ಬರಾದರೂ ಕಲಿಯಿರಿ, ಗೊತ್ತಿಲ್ಲದ್ದನ್ನು ನಾಚದೆ ಕೇಳಿ. ನಂಬುವ ಮೊದಲು ಮೂರು ದಿನ ಕಣ್ಣಾರೆ ನೋಡಿ. ನಿಮ್ಮ ಮನೆಯಲ್ಲಿ ಒಂದು ಸ್ವಿಚ್ಚಿಗೋಸ್ಕರ ಎಲ್ಲಿಗೂ ಹೋಗದೆ ಉಳಿದವರು ಯಾರು ಎಂದು ಯೋಚಿಸಿ. ಅವರಿಗಾಗಿ ಎಲ್ಲೋ ಯಾರೋ ಕಾಯುತ್ತಿರಬಹುದು, ಹಾಗೆ ಕಾಯುವವರ ಹತ್ತಿರ ಹೆಚ್ಚು ದಿನಗಳಿಲ್ಲದೆಯೂ ಇರಬಹುದು. ಒಂದು ಗಂಟೆ ಕುಳಿತು ಕಲಿಯಿರಿ, ಅವರನ್ನು ಕಳಿಸಿಕೊಡಿ.