ಗಾಳಿ ಡಾಕ್ಟರ್ ಮತ್ತು ಸೂರ್ಯನ ಕಾವು

ಸೂರ್ಯನಿಂದ ಹೊರಟ ಕಣಗಳ ಗಾಳಿ ದೂರ ಹೋದಂತೆ ತಣ್ಣಗಾಗಬೇಕು. ಆದರೆ ಲೆಕ್ಕ ಹೇಳುವಷ್ಟು ತಣ್ಣಗಾಗುವುದಿಲ್ಲ. ಅದೇಕೆ ಎಂಬುದರ ಬೆನ್ನು ಹತ್ತಿದ್ದಳು ಪುಟ್ಟಿ. ಸಂಶೋಧನಾಲಯದಲ್ಲಿ ಅವಳು ಡಾಕ್ಟರ್. ಸಾಕಿ ಬೆಳೆಸಿದ ಸೋದರತ್ತೆಗೆ ಈಗಲೂ ಪುಟ್ಟಿಯೇ. ತಮ್ಮ ಹುಡುಗಿ ಗಾಳಿ ಡಾಕ್ಟರ್ ಎಂದು ಅತ್ತೆ ನೆಂಟರಿಗೆಲ್ಲ ಸಾರಿಬಿಟ್ಟಿದ್ದರಿಂದ, ಯಾರ ಮನೆಯ ಫ್ಯಾನ್ ಕಿರುಗುಟ್ಟಿದರೂ ಫೋನ್ ಬರುವುದು ಅವಳಿಗೇ.

ಗಾಳಿಯೊಂದಿಗೆ ಸಾಗುವ ಕಾಂತಕ್ಷೇತ್ರ ಸುಳಿಸುಳಿಯಾಗಿ ಕದಡುತ್ತದೆ, ಆ ಕದಡಾಟವೇ ಕಣಗಳನ್ನು ಕಾಯಿಸುತ್ತದೆ ಎಂಬುದು ಅವಳ ನಂಬಿಕೆ. ಒಂದು ದಿನ, ಈ ಗಾಳಿಯನ್ನು ಅಳೆಯಲೆಂದು ಬಾಹ್ಯಾಕಾಶಕ್ಕೆ ಹಾರಿಸಿದ್ದ ನೌಕೆ ಕಳಿಸಿದ ಅಳತೆಗಳಲ್ಲಿ ಕಣಗಳ ಕಾವು ಸರ್ರನೆ ಏರಿ ಇಳಿದು, ಮತ್ತೆ ಏರುವುದು ಕಂಡಿತು. ಅವಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಸಾರ್ವಜನಿಕ ಉಪನ್ಯಾಸದಲ್ಲೇ ಸುದ್ದಿ ಬಿಚ್ಚಲು ಹೊರಟಳು. ಅತ್ತೆ ಮುಂದಿನ ಸಾಲು ಪೂರ್ತಿ ನೆಂಟರನ್ನು ತುಂಬಿಸಿದರು.

ಪರದೆಯ ಮೇಲೆ ಕಾವಿನ ಏರಿಳಿತದ ಗೆರೆ ಮೂಡಿದ್ದೇ ತಡ, ನೌಕೆಯ ಉಪಕರಣ ನೋಡಿಕೊಳ್ಳುವ ಎಂಜಿನಿಯರ್ ಹಿಂದಿನಿಂದ ಅರ್ಧ ಕೈ ಎತ್ತಿದ. ಎಲ್ಲರೂ ಅವನನ್ನು ಕರೆಯುತ್ತಿದ್ದುದು ಮೀಸೆ ಎಂದು.

"ಮೇಡಂ, ಅದು ನಮ್ಮ ಹೀಟರ್ ಇರಬೇಕು. ಉಪಕರಣ ತಣ್ಣಗಾಗದೆ ಇರ್ಲಿ ಅಂತ ಇಟ್ಟಿದ್ದೀವಿ. ಅದು ಆನ್ ಆದಾಗೆಲ್ಲ ಅಳತೆ ಕೆಡುತ್ತೆ. ನಿಮಗೆ ಹೇಳೋದೇ ಮರೆತುಬಿಟ್ಟೆ."

ಪುಟ್ಟಿಗೆ ಓಡಿಹೋಗಬೇಕೆನ್ನಿಸಿತು, ಆದರೆ ಬಾಗಿಲಿಗೆ ಹೋಗಲು ನೆಂಟರನ್ನೆಲ್ಲ ದಾಟಬೇಕಿತ್ತು.

"ಹಾಗಾದ್ರೆ ಇಷ್ಟು ದಿನ ನಾನು ಹೀಟರ್ ಮೇಲೆ ಸಂಶೋಧನೆ ಮಾಡಿದ್ದೀನಿ," ಎಂದಳು.

ಎಲ್ಲರೂ ನಕ್ಕರು. ಅತ್ತೆ ಮಾತ್ರ ಜೋರಾಗಿ ಚಪ್ಪಾಳೆ ತಟ್ಟಿ, ಅಷ್ಟು ದೂರದಲ್ಲಿ ಹೀಟರ್ ಉರಿಯುತ್ತಿರುವುದನ್ನು ಇಲ್ಲಿ ಕೂತೇ ಕಂಡುಹಿಡಿದಳಲ್ಲ ಎಂದು ಪಕ್ಕದವರಿಗೆ ವಿವರಿಸಿದರು.

ಮರುದಿನ ಮೀಸೆ ಪೆಚ್ಚುಮೋರೆ ಹಾಕಿಕೊಂಡು ಅವಳ ಕೋಣೆಗೆ ಬಂದ. ಇಬ್ಬರೂ ಕೂತು ಹೀಟರ್ ಉರಿದ ಹೊತ್ತಿನ ಅಳತೆಗಳನ್ನೆಲ್ಲ ಕಿತ್ತುಹಾಕತೊಡಗಿದರು. ವಾರಗಟ್ಟಲೆ ಜಗಳವಾಡುತ್ತ, ಆರಿದ ಕಾಫಿ ಕುಡಿಯುತ್ತ ಸೋಸಿದ ಮೇಲೆ ಒಂದಿಷ್ಟು ಉಳಿಯಿತು. ಕಾಂತಕ್ಷೇತ್ರ ಥಟ್ಟನೆ ತಿರುಚಿಕೊಂಡ ಕಡೆಗಳಲ್ಲಿ ಕಣಗಳು ನಿಜಕ್ಕೂ ತುಸು ಬಿಸಿಯಾಗಿದ್ದವು. ಬೇರೆಯವರು ಎಷ್ಟು ತಿರುವಿ ಹಾಕಿ ನೋಡಿದರೂ ಆ ಬಿಸಿ ಕರಗಲಿಲ್ಲ.

ಪುಟ್ಟಿ ಹೊಸ ಗೆರೆಯನ್ನು ಅತ್ತೆಗೆ ತೋರಿಸಿದಳು. ಅತ್ತೆ ಕನ್ನಡಕ ಏರಿಸಿ ಬಹಳ ಹೊತ್ತು ದಿಟ್ಟಿಸಿದರು.

"ಮೊದಲಿನ ಗೆರೆನೇ ಚೆನ್ನಾಗಿತ್ತು ಕಣೇ. ಎದ್ದು ಕಾಣ್ತಿತ್ತು."

ಪುಟ್ಟಿಗೂ ಒಳಗೊಳಗೇ ಹಾಗೆಯೇ ಅನ್ನಿಸಿತ್ತು.