ದನಿ ಎದುರು ಚಾನೆಲ್‌ಗೆ, ಬೆರಳು ಇಲ್ಲೇ

ನನ್ನ ಬಲಗೈಯ ಈ ತೋರುಬೆರಳನ್ನು ಒಮ್ಮೆ ಸರಿಯಾಗಿ ನೋಡಿಕೊಳ್ಳಿ. ಉಗುರು ತುಸು ಸೊಟ್ಟ. ತುದಿಯಲ್ಲಿ ಮಾರ್ಕರ್ ಪೆನ್ನಿನ ನೀಲಿ ಕಲೆ; ಉಜ್ಜಿದರೆ ಚರ್ಮ ಹೋದೀತು, ಅದು ಹೋಗದು. ಇಪ್ಪತ್ತೆರಡು ವರ್ಷ ಅಮೆರಿಕದ ಅರ್ಧಕ್ಕರ್ಧ ಜನ ಭಾನುವಾರದ ಫುಟ್‌ಬಾಲ್ ಕೇಳಿದ್ದು ಈ ಬೆರಳಿನಿಂದ. ದನಿ ರಾಯ್ಸ್ ಹಾಲೆನ್‌ಬೆಕ್‌ನದು, ಒಪ್ಪುತ್ತೇನೆ. ಆದರೆ ಈ ಬೆರಳು ಕದಲದೆ ಆ ದನಿ ಹೊರಟದ್ದಿಲ್ಲ.

ನಾನು ಕ್ಲೆಮ್ ಕುಖ್ತಾ, ಟೊಲೆಡೊ ಊರಿನವನು, ಕಸುಬಿನಲ್ಲಿ ಸ್ಪಾಟರ್. ಕಾಮೆಂಟರಿ ಹೇಳುವವನ ಪಕ್ಕದಲ್ಲಿ ನಿಂತು, ಎರಡೂ ತಂಡಗಳ ಹೆಸರು ಬರೆದ ರಟ್ಟಿನ ಬೋರ್ಡಿನ ಮೇಲೆ, ಚೆಂಡು ಹಿಡಿದವನು ಇವನು, ಅವನನ್ನು ಕೆಡವಿದವನು ಇವನು ಎಂದು ಬೆರಳಿಟ್ಟು ತೋರಿಸುವುದು ನನ್ನ ಕೆಲಸ. ನಮ್ಮ ಫುಟ್‌ಬಾಲ್ ಕಾಲಿನದಲ್ಲ, ಚೆಂಡು ಕೈಯಲ್ಲಿ ಅವುಚಿ ನುಗ್ಗುವುದು; ಹೆಲ್ಮೆಟ್ಟಿನೊಳಗೆ ಎಲ್ಲರ ಮುಖವೂ ಒಂದೇ. ಬೆನ್ನಿನ ನಂಬರೇ ಹೆಸರು. ಇಪ್ಪತ್ತೆರಡು ಗೂಳಿಗಳು ಒಂದರ ಮೇಲೊಂದು ಬಿದ್ದ ರಾಶಿಯಲ್ಲಿ ನನಗೆ ಒಂದು ಮೊಣಕೈ ಕಂಡರೆ ಸಾಕು. ಅದು ಯಾರದು, ಯಾವ ಕಾಲೇಜಿನಲ್ಲಿ ಆಡಿದವನು, ಬೆಳಿಗ್ಗೆ ಮೊಟ್ಟೆ ಎಷ್ಟು ತಿಂದಿದ್ದ, ಎಲ್ಲ ಹೇಳಬಲ್ಲೆ. ಡೆಟ್ರಾಯಿಟ್ ಕ್ರೀಡಾಂಗಣದ ಅಟ್ಟದ ಕಾಮೆಂಟರಿ ಬೂತಿನಿಂದ ಆಚೆ ಬದಿಯಲ್ಲಿ ಕೂತವನ ಹಾಟ್‌ಡಾಗ್ ಮೇಲೆ ಸಾಸಿವೆ ಸಾಸ್ ಕಡಿಮೆ ಬಿದ್ದಿದೆ ಎಂದು ಹೇಳಿ ಪಂದ್ಯ ಕಟ್ಟಿ ಗೆದ್ದವನು ನಾನು. ನನ್ನ ಹೆಂಡತಿ ಡೋರೀನ್ ಮಾತ್ರ, "ಫ್ರಿಜ್ಜಲ್ಲಿ ಕಣ್ಣೆದುರಿಗಿರೋ ಬೆಣ್ಣೆ ಒಂದು ನಿನಗೆ ಕಾಣಲ್ಲ" ಎನ್ನುತ್ತಾಳೆ. ದೊಡ್ಡವರಿಗೆ ಮನೆಯಲ್ಲಿ ಎಂದೂ ಬೆಲೆಯಿಲ್ಲ.

ಇಷ್ಟಾದರೂ ಟಿವಿಯಲ್ಲಿ ನನ್ನ ಹೆಸರು ಒಂದು ದಿನವೂ ಕೇಳಿಬಂದದ್ದಿಲ್ಲ. ಬೇರೆ ಕಾಮೆಂಟೇಟರುಗಳು ಋತುವಿನ ಕೊನೆಯ ಆಟದಲ್ಲಿ ತಮ್ಮ ಸ್ಪಾಟರ್‌ನ ಹೆಸರು ಹೇಳಿ ಕೃತಜ್ಞತೆ ಸಲ್ಲಿಸುತ್ತಾರೆ. ರಾಯ್ಸ್ ಮೊದಲೆಲ್ಲ ಮರೆಯುತ್ತಿದ್ದ. ಆಮೇಲಾಮೇಲೆ ಬೇಕೆಂದೇ ಬಿಟ್ಟ.

"ನಿನ್ನ ಹೆಸರು ಹೇಳಿದ್ರೆ ಕ್ಯಾಮೆರಾದವನು ನಿನ್ನ ಕಡೆ ತಿರುಗಿಸ್ತಾನೆ ಕಣೋ. ತಿರುಗಿಸಿದ್ರೆ ನಿನ್ನ ಕೈ ಎಲ್ಲಿದೆ ಅಂತ ಊರಿಗೆಲ್ಲ ಕಾಣುತ್ತೆ."

ನನ್ನ ಕೈ ಅವನ ಭುಜದ ಮೇಲಿರುತ್ತಿತ್ತು. ಏಕೆಂದರೆ ರಾಯ್ಸ್‌ಗೆ ಕಣ್ಣು ಕಾಣುತ್ತಿರಲಿಲ್ಲ.

ಈಗ ಅವನೇ ಹತ್ತು ಜನರೆದುರು ಹೇಳಿಕೊಂಡಿರುವುದರಿಂದ ಬಾಯಿ ಬಿಡುತ್ತಿದ್ದೇನೆ. ಬಡಾಯಿಕೋರನ ಹೊಟ್ಟೆಯಲ್ಲಿ ಗುಟ್ಟು ನಿಲ್ಲದು ಎನ್ನುತ್ತಾರಲ್ಲ, ನನ್ನ ಹೊಟ್ಟೆಯಲ್ಲಿ ಆರು ವರ್ಷ ನಿಂತಿತ್ತು. ಪೂರ್ತಿ ಕುರುಡೇನಲ್ಲ. ನೋಟದ ನಡುಮಧ್ಯ ಮಸಿ ಮೆತ್ತಿದಂತೆ, ಸುತ್ತಲ ಅಂಚು ಮಾತ್ರ ಸ್ವಚ್ಛ. ನಡೆದಾಡುತ್ತಿದ್ದ, ಕೈಕುಲುಕುತ್ತಿದ್ದ, ದನಿ ಕೇಳಿ ಎಲ್ಲರನ್ನೂ ಹೆಸರು ಹಿಡಿದು ಮಾತಾಡಿಸುತ್ತಿದ್ದ. ಆದರೆ ಮೈದಾನದಲ್ಲಿ ಚೆಂಡು ಎಲ್ಲಿದೆಯೋ ಸರಿಯಾಗಿ ಅಲ್ಲಿಯೇ ಅವನಿಗೆ ಏನೂ ಕಾಣದು. ವರ್ಷದಿಂದ ವರ್ಷಕ್ಕೆ ನನ್ನ ಬೋರ್ಡಿನ ಅಕ್ಷರ ದಪ್ಪವಾಗುತ್ತ ಹೋಯಿತು. ಮೊದಲು ಸಾಸಿವೆ ಕಾಳಿನಷ್ಟಿದ್ದದ್ದು ಬಟಾಣಿಯಾಯಿತು, ಕೊನೆಗೆ ಪ್ಯಾನ್‌ಕೇಕ್‌ನಷ್ಟಾಯಿತು. ಉಳಿದದ್ದಕ್ಕೆ ಕೈ. ಮೊಣಕೈಗೆ ಒಂದು ತಟ್ಟು ಅಂದರೆ ಯಾರೋ ತಪ್ಪಾಟ ಆಡಿದರು, ರೆಫರಿ ಹಳದಿ ಬಟ್ಟೆ ಎಸೆದ. ಬೆನ್ನಿಗೆ ಎರಡು ತಟ್ಟು ಅಂದರೆ ಚೆಂಡು ಕೊನೆಯ ಗೆರೆ ದಾಟಿತು, ಟಚ್‌ಡೌನ್. ಭುಜ ಹಿಂಡಿದೆನೆಂದರೆ ಚೆಂಡು ಕೈಜಾರಿತು, ಆಟ ತಿರುಗಿತು, ಬಾಯಿ ತಡೆ! ಕಾಲು ಸೆಕೆಂಡು ಸಾಕಿತ್ತು. ಅವನು ಒಂದೇ ಒಂದು ಹೆಸರು ತಪ್ಪಲಿಲ್ಲ. ಹದ್ದಿನ ಕಣ್ಣು ಎಂದು ಅವನಿಗೆ ಪ್ರಶಸ್ತಿ ಕೊಟ್ಟರು. ಅದನ್ನು ತೆಗೆದುಕೊಳ್ಳಲು ವೇದಿಕೆಯ ಮೆಟ್ಟಿಲು ಎಲ್ಲಿದೆ ಎಂದು ತೋರಿಸಿದ್ದೂ ನಾನೇ.

ಏಪ್ರಿಲ್‌ನಲ್ಲಿ ಅವನು ಟೊಲೆಡೊಗೆ ಬಂದ. ನಮ್ಮ ಬೀದಿಯ ಹೋಟೆಲಿನಲ್ಲಿ ಚೆರಿ ಪೈ ತರಿಸಿಕೊಂಡು ಕೂತೆವು. ಕಾಫಿ ಬಂದೊಡನೆ ಕಪ್ಪಿನ ಹಿಡಿಯನ್ನು ಅವನ ಬೆರಳಿನ ಕಡೆ ತಿರುಗಿಸಿಟ್ಟೆ. ಅಭ್ಯಾಸ.

"ಕ್ಲೆಮ್, ನಾನು ಎದುರು ಚಾನೆಲ್‌ಗೆ ಸಹಿ ಹಾಕ್ಬಿಟ್ಟೆ ಕಣೋ."

"ಹೌದಾ? ಸಹಿ ಹಾಕೋ ಗೆರೆ ಎಲ್ಲಿದೆ ಅಂತ ಯಾರು ತೋರ್ಸಿದ್ರು?"

"ಚುಚ್ಚಬೇಡ. ಈ ವರ್ಷದ ಫೈನಲ್ ತೋರ್ಸೋದು ಅವರು. ಮೂವತ್ತೊಂದು ವರ್ಷ ಮೈಕ್ ಹಿಡಿದಿದೀನಿ, ಒಂದು ಫೈನಲ್ ಹೇಳಿಲ್ಲ. ಮುಂದಿನ ವರ್ಷಕ್ಕೆ ಅಂಚೂ ಹೋಗುತ್ತೆ ಅಂತಾನೆ ಡಾಕ್ಟರು. ಫೆಬ್ರವರಿ ತನಕ ತಳ್ಳಿದ್ರೆ ಸಾಕು. ಫೈನಲ್ ಮುಗಿಸಿ ಮೈಕ್ ಕೆಳಗಿಟ್ಟು ಮನೆಗೆ ಹೋಗ್ತೀನಿ."

"ತಳ್ಳೋಣ ಬಿಡು. ನಾಳೆನೇ ನಾನೂ ರಾಜೀನಾಮೆ ಬಿಸಾಕ್ತೀನಿ. ನನ್ನ ಹಿಡಿದಿಡೋ ಗಂಡಸು ಯಾವ ಚಾನೆಲ್‌ನಲ್ಲಿದಾನೆ?"

ಅವನು ಪೈ ತಟ್ಟೆಯನ್ನು ಬದಿಗೆ ಸರಿಸಿದ. ಅದು ಮೇಜಿನ ಅಂಚಿಗೆ ಬಂತು. ನಾನು ಹಿಡಿದೆ.

"ಆಗಲ್ಲ ಮಾರಾಯ. ನಮ್ಮ ಚಾನೆಲ್‌ನವರು ನನ್ನ ಬಿಟ್ಟುಕೊಡೋವಾಗ್ಲೇ ಬರ್ಸಿಕೊಂಡಿದಾರೆ. ಇಲ್ಲಿ ಕೆಲಸ ಮಾಡ್ದೋರು ಒಬ್ಬರೂ ಒಂದು ವರ್ಷ ನನ್ನ ಜೊತೆ ಕೂರೋ ಹಾಗಿಲ್ಲ. ಕೆಲಸ ಬಿಟ್ಟು ಬಂದ್ರೂ ಅಷ್ಟೇ. ಬಂದ್ರೆ ನನ್ನ ಒಪ್ಪಂದನೇ ರದ್ದು."

"ಹಾಗಾದ್ರೆ ಅಲ್ಲಿಯ ಸ್ಪಾಟರ್‌ಗೆ ನಿನ್ನ ಕಣ್ಣಿನ ವಿಷಯ ಹೇಳು."

"ಹೇಳಿದ ದಿನವೇ ಮನೆಗೆ ಕಳಿಸ್ತಾರೆ. ನೀನೂ ಹೇಳಲ್ಲ. ಆಣೆ ಇಡು."

"ನಾನಾ? ನನ್ನ ಬಾಯಲ್ಲಿ ಯಾವ ಗುಟ್ಟು ನಿಂತಿದೆ?"

"ಇದೊಂದು ನಿಂತಿದೆ" ಎಂದ. ನಾನು ಆಣೆಯಿಟ್ಟೆ. ಬೆರಳೂರಿ, ಅವನ ಅಂಗೈ ಮೇಲೆ.

ಎದುರು ಚಾನೆಲ್‌ನ ಸ್ಪಾಟರ್ ಜನೀನ್ ಪ್ರುಯಿಟ್. ಇಪ್ಪತ್ತು ವರ್ಷದ ಅನುಭವದ ಹೆಂಗಸು. ಈ ಕಸುಬಿನಲ್ಲಿ ನನ್ನ ಮಟ್ಟಕ್ಕೆ ಬರುವವರು ಯಾರೂ ಇಲ್ಲ, ಆದರೆ ನನ್ನ ಮೊಣಕಾಲ ಮಟ್ಟಕ್ಕೆ ಬರುವವರಲ್ಲಿ ಆಕೆಯೇ ಮೊದಲು. ಆಗಸ್ಟ್‌ನಲ್ಲಿ ಆಕೆಯೇ ಫೋನ್ ಮಾಡಿದಳು.

"ಮಿಸ್ಟರ್ ಕುಖ್ತಾ, ಅವರ ಅಭ್ಯಾಸ ಏನೇನಿದೆ ಹೇಳ್ತೀರಾ? ಮೊದಲ ದಿನ ತೊಂದರೆ ಆಗಬಾರದು."

"ಅಕ್ಷರ ದೊಡ್ಡದಾಗಿ ಬರೀರಿ. ಗೋಡೆ ಮೇಲೆ ಬರಿಯೋ ಹಾಗೆ ಬರೀರಿ."

"ನಮ್ಮಲ್ಲಿ ರಟ್ಟು ಇಲ್ಲ. ನಾನು ಕೀಲಿ ಒತ್ತಿದ್ರೆ ಅವರ ಮುಂದಿನ ಸ್ಕ್ರೀನ್ ಮೇಲೆ ಹೆಸರು ಬರುತ್ತೆ. ಗಾತ್ರ ಎಲ್ಲರಿಗೂ ಒಂದೇ."

"ಹಾಗಿದ್ರೆ ಪಕ್ಕದಲ್ಲಿ ನಿಂತ್ಕೊಳ್ಳಿ. ಚೆಂಡು ಕೈಜಾರಿದ ತಕ್ಷಣ ಭುಜ ಹಿಂಡಿ."

"ಏನಂದ್ರಿ?"

"ಭುಜ. ಬಲಭುಜ. ಜೋರಾಗಿ."

"ನೋಡಿ, ನಮ್ಮ ಚಾನೆಲ್‌ನಲ್ಲಿ ಯಾರೂ ಯಾರ ಮೈಯನ್ನೂ ಮುಟ್ಟೋ ಹಾಗಿಲ್ಲ. ಅದಕ್ಕೇ ಅಂತ ಒಂದಿಡೀ ದಿನ ಕೂರಿಸಿ ಪಾಠ ಮಾಡಿದಾರೆ. ನಾನು ಹಿಂದಿನ ಸಾಲಲ್ಲಿ ಕೂರ್ತೀನಿ." ಆಮೇಲೆ ಕೇಳಿದಳು, "ನೀವು ಹೇಳದೆ ಬಿಟ್ಟಿರೋದು ಏನಾದ್ರೂ ಇದೆಯಾ?"

ಬೆರಳ ತುದಿಯ ನೀಲಿ ಕಲೆಯನ್ನು ಹೆಬ್ಬೆರಳಿನಿಂದ ಉಜ್ಜಿದೆ.

"ಇಲ್ಲ" ಎಂದೆ.

ಆದರೂ ಕೈ ಕಟ್ಟಿ ಕೂರಲಾಗಲಿಲ್ಲ. ರಾಯ್ಸ್‌ನ ಮೊದಲ ಆಟ ಕ್ಲೀವ್‌ಲ್ಯಾಂಡ್‌ನಲ್ಲಿ, ಸಿನ್ಸಿನಾಟಿ ವಿರುದ್ಧ. ಅಡುಗೆಮನೆಯ ಮೇಜಿನ ಮೇಲೆ ಎರಡು ಬೋರ್ಡು ಹರಡಿಕೊಂಡು ನೂರಾರು ಹೆಸರು ಬರೆದೆ. ಅಂಥ ಅಕ್ಷರವನ್ನು ಭೂಮಿಯಲ್ಲಿ ಇದುವರೆಗೆ ಯಾರೂ ಬರೆದಿರಲಿಲ್ಲ; ಚಂದ್ರನ ಮೇಲಿಂದ ಓದಬಹುದಿತ್ತು.

ಡೋರೀನ್ ಹಿಂದೆ ಬಂದು ನಿಂತಳು. "ಅವನು ನಿನ್ನ ಬಿಟ್ಟು ಹೋದ. ನೀನು ಅವನಿಗೆ ಬೋರ್ಡ್ ಬರೀತಾ ಕೂತಿದೀಯ. ನನ್ನ ಅಕ್ಕನ ಹುಟ್ಟುಹಬ್ಬಕ್ಕೆ ಒಂದು ಕಾರ್ಡ್ ಬರಿ ಅಂದ್ರೆ ಕೈ ನೋವು ಅಂದೆ."

"ನಿಮ್ಮಕ್ಕನಿಗೆ ಕಣ್ಣು ಚೆನ್ನಾಗಿದೆ" ಎಂದುಬಿಟ್ಟೆ.

ಡೋರೀನ್ ನನ್ನ ಮುಖ ನೋಡಿದಳು, ಬೋರ್ಡಿನ ಅಕ್ಷರ ನೋಡಿದಳು. ಹೋಗಿ ಬೋರ್ಡು ಸುತ್ತಲು ದೊಡ್ಡ ಕಾಗದ ತಂದುಕೊಟ್ಟಳು.

ಶುಕ್ರವಾರ ಬೋರ್ಡು ವಾಪಸು ಬಂತು. ಹೊರಗಿನಿಂದ ಬಂದ ಸಾಮಾನು ಬೂತಿನೊಳಗೆ ಇಡುವಂತಿಲ್ಲ ಎಂದು ಎದುರು ಚಾನೆಲ್‌ನವರ ಚೀಟಿ ಅಂಟಿಸಿತ್ತು. ಬಿಚ್ಚಿಯೂ ನೋಡಿರಲಿಲ್ಲ.

ಭಾನುವಾರ ನನಗೆ ಕ್ಯಾನ್ಸಾಸ್ ಸಿಟಿಯಲ್ಲಿ ಕೆಲಸ. ನಮ್ಮ ಚಾನೆಲ್ ರಾಯ್ಸ್‌ನ ಜಾಗಕ್ಕೆ ಪ್ರೆಸ್ಟನ್ ಎಂಬ ಹೊಸಬನನ್ನು ತಂದಿತ್ತು. ಅವನ ಕಣ್ಣು ಎಷ್ಟು ಚುರುಕೆಂದರೆ, ನನ್ನ ಬೆರಳು ಬೋರ್ಡಿಗೆ ತಾಗುವ ಮೊದಲೇ ಹೆಸರು ಹೇಳಿ ಮುಗಿಸಿರುತ್ತಿದ್ದ. ಅವನ ಪಕ್ಕ ನಿಂತರೆ ಮಳೆಯಿಲ್ಲದ ದಿನ ಕೊಡೆ ಹಿಡಿದು ನಿಂತಂತೆ. ನಮ್ಮ ಆಟ ಮೂರೂವರೆಯ ಸುಮಾರಿಗೆ. ಕ್ಲೀವ್‌ಲ್ಯಾಂಡ್‌ನದು ನಮ್ಮ ಗಡಿಯಾರದಲ್ಲಿ ಹನ್ನೆರಡಕ್ಕೇ ಶುರು. ಪತ್ರಕರ್ತರ ಊಟದ ಕೋಣೆಯಲ್ಲಿ ದೊಡ್ಡ ಟಿವಿಯ ಎದುರು ಕುರ್ಚಿ ಹಿಡಿದು ಕೂತೆ.

ಮೊದಲರ್ಧ ರಾಯ್ಸ್ ಹೇಗೆ ದಾಟಿದ ಅಂತೀರಿ! ಹೆಸರು ಗೊತ್ತಾಗದಲ್ಲಿ ಸುಮ್ಮನಾಗುತ್ತಿದ್ದ. ಜನರ ಕೂಗನ್ನು ಕೇಳಲು ಬಿಡುತ್ತಿದ್ದ. "ಎಂಥಾ ಹಿಡಿತ!" ಎಂದು, ಯಾರ ಹಿಡಿತ ಎಂಬುದನ್ನು ನುಂಗುತ್ತಿದ್ದ. ಜೊತೆಗಾರ ಡಾರ್ನೆಲ್ ವೀಕ್ಸ್, ಹಿಂದೆ ಆಡಿದ್ದವನು, ತನಗೆ ತಿಳಿಯದೆಯೇ ಹೆಸರು ಹೇಳಿ ಬಚಾವು ಮಾಡುತ್ತಿದ್ದ. ನನ್ನ ಪಕ್ಕ ತಟ್ಟೆ ತುಂಬ ಸುಟ್ಟ ಮಾಂಸ ಹೇರಿಕೊಂಡು ಬಂದು ಕೂತ ಒಬ್ಬ ದಪ್ಪ ಪತ್ರಕರ್ತ, ಹೆಸರು ಗಸ್ ಅಂತೆ, ಮೂಳೆ ಚೀಪುತ್ತ ತಲೆದೂಗಿದ.

"ಹಾಲೆನ್‌ಬೆಕ್ ನೋಡಯ್ಯ. ಚಾನೆಲ್ ಬದಲಾಯ್ಸಿದ್ದೇ ತಡ, ಮಾತು ಕಡಿಮೆ ಮಾಡಿದಾನೆ. ಸುಮ್ಮನಿರೋದೂ ಒಂದು ಕಲೆ."

ಆ ಒಂದೊಂದು ಮೌನವೂ ಒಂದೊಂದು ಹೊಂಡ ಎಂದು ನನಗೆ ಗೊತ್ತಿತ್ತು. ಅಲ್ಲಿ ಬೋರ್ಡಿಲ್ಲ, ಕೈಯಿಲ್ಲ. ಇರುವೆ ಸಾಲಿನಂಥ ಅಕ್ಷರ, ಅದೂ ಅವನ ಕಣ್ಣಿನ ಮಸಿಯ ನಡುವೆ. ವಿರಾಮದಲ್ಲಿ ಜನೀನ್‌ಗೆ ಫೋನ್ ಮಾಡಿದೆ. ಆಣೆ ಮುರಿಯಲು ತಯಾರಾಗಿಯೇ ಮಾಡಿದೆ, ಸುಳ್ಳೇಕೆ. ಬೂತಿನಲ್ಲಿ ಎಲ್ಲರ ಫೋನೂ ಬಂದ್. ಏಳು ಸಲ ಮಾಡಿದೆ. ನಿಜ ಹೇಳಬೇಕೆಂದರೆ ನಾಲ್ಕು ಸಲ.

ಕೊನೆಯ ಹತ್ತು ಸೆಕೆಂಡು. ಕ್ಲೀವ್‌ಲ್ಯಾಂಡ್ ಮೂರು ಅಂಕ ಹಿಂದೆ, ಟಚ್‌ಡೌನ್ ಗೆರೆ ಹತ್ತು ಗಜ ದೂರ. ಇಪ್ಪತ್ತೆಂಟನೆ ನಂಬರಿನ ಓಡಮ್ ಚೆಂಡು ಅವುಚಿಕೊಂಡು ರಾಶಿಯೊಳಗೆ ನುಗ್ಗಿದ. ರಾಯ್ಸ್‌ನ ದನಿ ಏರಿತು. ಈ ಓಟ ಅವನಿಗೆ ಗೊತ್ತು, ಈ ನಂಬರು ಗೊತ್ತು, ಕಿವಿಯಲ್ಲೇ ಆಟ ಓದುತ್ತಿದ್ದ: "ಓಡಮ್ ನುಗ್ಗಿದ, ಓಡಮ್ ಇನ್ನೂ ನಿಂತಿದಾನೆ, ಓಡಮ್..."

ಚೆಂಡು ಕೈಜಾರಿತು. ನನಗೆ ಟಿವಿಯಲ್ಲೇ ಕಂಡಿತು; ಕಂಡ ಕಾಲು ಸೆಕೆಂಡಿಗೆ ನನ್ನ ಕೈ ಗಸ್‌ನ ಬಲಭುಜವನ್ನು ಮೂಳೆ ಮುರಿಯುವಂತೆ ಹಿಂಡಿತ್ತು. ಅವನ ಕಾಫಿ ಅವನ ಅಂಗಿಯ ಮೇಲೆಲ್ಲ ಚೆಲ್ಲಿತು.

"ಏಯ್! ಹುಚ್ಚು ಹಿಡಿದಿದೆಯಾ ನಿನಗೆ?"

ಅಲ್ಲಿ ಜನರ ಕೂಗು ಮುಗಿಲಿಗೇರಿತ್ತು. ಎಂಬತ್ತು ಸಾವಿರ ಗಂಟಲು, ಅರ್ಧ ಸಿಟ್ಟು, ಅರ್ಧ ಖುಷಿ. ಯಾವುದು ಯಾವುದೆಂದು ಕಿವಿಗೆ ತಿಳಿಯುವುದಿಲ್ಲ. ಭುಜ ಹಿಂಡಲಿಲ್ಲ ಎಂದರೆ ಎಲ್ಲ ಸರಿಯಿದೆ ಎಂದು ಆರು ವರ್ಷದಲ್ಲಿ ಅವನ ಮೈ ಕಲಿತಿತ್ತು.

"ಟಚ್‌ಡೌನ್! ಕ್ಲೀವ್‌ಲ್ಯಾಂಡ್ ಗೆದ್ದಿತು!"

ಪರದೆಯ ಮೇಲೆ ಸಿನ್ಸಿನಾಟಿಯವನೊಬ್ಬ ಚೆಂಡು ಎತ್ತಿಕೊಂಡು ಎದುರು ದಿಕ್ಕಿಗೆ ಓಡುತ್ತಿದ್ದ. ಇಡೀ ದೇಶ ಅದನ್ನು ನೋಡುತ್ತಿತ್ತು, ರಾಯ್ಸ್ ಒಬ್ಬನನ್ನು ಬಿಟ್ಟು. ನಲವತ್ತು ಗಜ, ಐವತ್ತು ಗಜ. "ರಾಯ್ಸ್, ರಾಯ್ಸ್, ಆಟ ಆ ಕಡೆ" ಎಂದ ಡಾರ್ನೆಲ್, ಮೆಲ್ಲಗೆ, ಮಲಗಿದವನನ್ನು ಎಬ್ಬಿಸುವಂತೆ.

ದನಿ ನಿಂತಿತು. ಇದು ಕಲೆಯ ಮೌನವಲ್ಲ ಎಂದು ಗಸ್‌ಗೂ ತಿಳಿಯಿತು. ಅಂಗಿ ಒರೆಸುತ್ತಿದ್ದವನು ತಲೆ ಎತ್ತಿದ.

ಆಮೇಲೆ ರಾಯ್ಸ್, ಮೈಕ್ ಇದೆ ಎಂಬುದನ್ನೇ ಮರೆತು, ನಮ್ಮಿಬ್ಬರ ನಡುವಿನ ದನಿಯಲ್ಲಿ ಕೇಳಿದ:

"ಕ್ಲೆಮ್, ಯಾರದು?"

ಇಪ್ಪತ್ತೆರಡು ವರ್ಷ ನಾನು ಕಾದಿದ್ದ ಹೆಸರು. ಕರಾವಳಿಯಿಂದ ಕರಾವಳಿಗೆ, ಎರಡು ಕೋಟಿ ಮನೆಗಳಲ್ಲಿ, ಬಾರುಗಳಲ್ಲಿ, ಆಸ್ಪತ್ರೆಯ ಹಾಸಿಗೆಗಳ ಎದುರಲ್ಲಿ, ಟೊಲೆಡೊದಲ್ಲಿ ಡೋರೀನ್‌ನ ಅಡುಗೆಮನೆಯಲ್ಲಿ, ನನ್ನ ಹೆಸರು.

"ಐವತ್ತನಾಲ್ಕು" ಎಂದೆ ಟಿವಿಗೆ. ಬೆರಳು ತಾನಾಗಿ ಎದ್ದಿತ್ತು. "ಲಫಾಯೆಲೆ. ಐವತ್ತನಾಲ್ಕು, ರಾಯ್ಸ್. ಲಫಾಯೆಲೆ."

ಅವನು ಕಾಯುತ್ತಿದ್ದ. ಗೊತ್ತಾಗುತ್ತಿತ್ತು, ಭುಜ ಸ್ವಲ್ಪ ಬಲಕ್ಕೆ ಬಾಗಿಸಿ ಕಾಯುವುದು ಅವನ ರೂಢಿ. ಲಫಾಯೆಲೆ ಗೆರೆ ದಾಟಿ ಚೆಂಡು ಎಸೆದ. ಹೆಸರನ್ನು ಡಾರ್ನೆಲ್ ಹೇಳಿದ. ಆಮೇಲೆ ಜಾಹೀರಾತು ಬಂತು, ಪಿಕಪ್ ಗಾಡಿಯದು.

ಕೋಣೆಯಲ್ಲಿ ಯಾರೋ ನಕ್ಕರು. ಇನ್ಯಾರೋ, "ಮುದುಕನ ಕಥೆ ಮುಗೀತು" ಎಂದರು. ಗಸ್ ಪುಸ್ತಕ ತೆಗೆದು ಪೆನ್ನು ಬಿಚ್ಚಿ ನನ್ನ ಕಡೆ ತಿರುಗಿದ.

"ಯಾರಯ್ಯ ಅದು, ಕ್ಲೆಮ್ ಅಂದ್ರೆ? ನೀನು ಟಿವಿಯವನ ಹಾಗಿದೀಯ. ನಿನಗೇನಾದ್ರೂ ಗೊತ್ತಾ?"

ನನ್ನ ಕೊರಳಿನಲ್ಲಿ ಗುರುತಿನ ಚೀಟಿ ತೂಗುತ್ತಿತ್ತು. ಅದರ ಮೇಲೆ ದಪ್ಪಕ್ಷರದಲ್ಲಿ ನನ್ನ ಹೆಸರು, ನನ್ನದೇ ಬರವಣಿಗೆ. ಅದನ್ನು ಮೆಲ್ಲಗೆ ಮಗುಚಿ ಅಂಗಿಗೆ ಒತ್ತಿ ಹಿಡಿದೆ.

"ಗೊತ್ತಿಲ್ಲ" ಎಂದೆ.