ಹದಿನಾಲ್ಕನೆಯ ಜಾಗ

ಹೆಣದ ಮೇಲೆ ತಂತಿ ಕೂಡುತ್ತದೆ ಎಂಬ ಮಾತನ್ನು ಅಯೋವಾದ ಆ ಕಡೆಯ ರೈತರಲ್ಲಿ ಅರ್ಧ ಜನ ನಂಬುತ್ತಿದ್ದರು. ಇನ್ನರ್ಧ ಜನ ನಂಬುವುದಿಲ್ಲ ಎನ್ನುತ್ತಲೇ, ಕಲ್ಲಿಲ್ಲದ ಹಳೆಯ ಗೋರಿ ಹುಡುಕಬೇಕಾದಾಗ ಮರ್ಲ್ ಕೊಪ್‌ಗೆ ಹೇಳಿ ಕಳುಹಿಸುತ್ತಿದ್ದರು. ಎಂಬತ್ತು ದಾಟಿದ ಮರ್ಲ್ ಎರಡು ಬಾಗಿದ ತಂತಿಗಳನ್ನು ಮುಷ್ಟಿಯಲ್ಲಿ ಸಡಿಲವಾಗಿ ಹಿಡಿದು ಹುಲ್ಲಿನ ಮೇಲೆ ನಡೆಯುತ್ತಿದ್ದ. ಕೆಳಗೆ ಯಾರಾದರೂ ಮಲಗಿದ್ದರೆ ತಂತಿಗಳು ತಾವಾಗಿ ಕತ್ತರಿಯಂತೆ ಕೂಡುತ್ತವೆ ಎಂಬುದು ಅವನ ಹೇಳಿಕೆ.

ಅದನ್ನು ಪರೀಕ್ಷೆ ಮಾಡಿಯೇ ಬಿಡೋಣ ಎಂದು ಹೊರಟದ್ದು ಊರಿನ ವಿಚಾರ ಕೂಟ. ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು ಗ್ಯಾರೆಟ್ ಪ್ಲಂಬ್ ಅದರ ಮುಂದಾಳು. ಊರ ಸ್ಮಶಾನದ ದಫ್ತರ ಬರೆಯುವ ಆರ್ಡಿಸ್ ಕಾರ್ಯದರ್ಶಿ. ಅರವತ್ತರ ಆರ್ಡಿಸ್ ಸಂಜೆ ತರಗತಿಗಳಲ್ಲಿ ಸಂಖ್ಯಾಶಾಸ್ತ್ರ ಕಲಿತವಳು. ಬಾಗಿಲಿಗೆ ಬೀಗ ಹಾಕಿದ ಮೇಲೂ ಎರಡು ಸಲ ಜಗ್ಗಿ ನೋಡದಿದ್ದರೆ ಅವಳಿಗೆ ಸಮಾಧಾನವಿಲ್ಲ.

ಕರಾರನ್ನು ಅವಳೇ ಬರೆದಳು. ದಫ್ತರದಿಂದ ಚೀಟಿ ಎತ್ತಿ ಇಪ್ಪತ್ತು ಜಾಗ: ಹತ್ತರಲ್ಲಿ ಗೋರಿ, ಹತ್ತು ಖಾಲಿ. ತಲೆಕಲ್ಲು ಕಾಣದಂತೆ ಇಪ್ಪತ್ತಕ್ಕೂ ಒಂದೇ ಥರದ ಹಲಗೆಪೆಟ್ಟಿಗೆಯ ಮುಸುಕು. ಮರ್ಲ್ ಜೊತೆ ನಡೆಯುವ ಗ್ಯಾರೆಟ್‌ಗೆ ಉತ್ತರ ಗೊತ್ತಿರಕೂಡದು. ಉತ್ತರ ಗೊತ್ತಿರುವ ಆರ್ಡಿಸ್ ಗೇಟಿನಾಚೆ ಕಾರಿನಲ್ಲಿ ಬೆನ್ನು ತಿರುಗಿಸಿ ಕೂರಬೇಕು. ಹದಿನೈದು ಸರಿಯಾದರೆ ಗೆಲುವು. ಎಲ್ಲವೂ ನ್ಯಾಯವಾಗಿದೆ ಎಂದು ಮರ್ಲ್ ಮೊದಲೇ ಸಹಿ ಹಾಕಿದ.

ಹದಿನಾಲ್ಕನೆಯ ಚೀಟಿ ಎತ್ತಿದಾಗ ಮಾತ್ರ ಅವಳ ಕೈ ತಡೆಯಿತು. ಅದು ಅಣ್ಣ ಲೈಲ್‌ನ ಗೋರಿ. ಬದಲಿಸಲೇ ಎಂದು ಎರಡು ದಿನ ಒದ್ದಾಡಿದಳು. ಚೀಟಿಯಲ್ಲಿ ಬಂದದ್ದನ್ನು ನಮ್ಮಿಷ್ಟಕ್ಕೆ ಬದಲಿಸಿದರೆ ಅದು ಪರೀಕ್ಷೆಯೇ ಅಲ್ಲ ಎಂದು ತರಗತಿಯಲ್ಲಿ ಕಲಿತದ್ದು ನೆನಪಾಗಿ, ಹಾಗೇ ಬಿಟ್ಟಳು.

ಲೈಲ್ ಸತ್ತಾಗ ಅವಳಿಗೆ ಎಂಟು ವರ್ಷ. ಗೋಧಿ ಕೊಯ್ಲಿಗೆಂದು ಅಪ್ಪನ ಜೊತೆ ಉತ್ತರ ಡಕೋಟಾಕ್ಕೆ ಹೋದ ಹದಿನೇಳರ ಹುಡುಗ ಯಂತ್ರಕ್ಕೆ ಸಿಕ್ಕಿದ ಎಂದಷ್ಟೇ ಅವಳು ಕೇಳಿದ್ದು. ಅವಳನ್ನು ಚಿಕ್ಕಮ್ಮನ ಮನೆಗೆ ಕಳುಹಿಸಿದ್ದರು. ಮರಳಿ ಬರುವಷ್ಟರಲ್ಲಿ ಮಣ್ಣು ಮಟ್ಟವಾಗಿತ್ತು. "ನೀರು ಮುಟ್ಟದ ಹಾಗೆ ಕಾಂಕ್ರೀಟ್ ಪೆಟ್ಟಿಗೇಲಿ ಇಟ್ಟಿದೀನಿ ಕಣೇ, ಅಳಬೇಡ" ಎಂದಿದ್ದ ಅಪ್ಪ. ಅಂದಿನಿಂದ ಪ್ರತಿ ಮೇ ತಿಂಗಳೂ ಅವಳು ಅಲ್ಲಿ ಪಿಯೊನಿ ಹೂ ಇಟ್ಟು ಬಂದಿದ್ದಳು.

ಅಕ್ಟೋಬರಿನ ಆ ಮಧ್ಯಾಹ್ನ ಗಾಳಿ ಇರಲಿಲ್ಲ. ಎರಡು ತಾಸು ಕಳೆದ ಮೇಲೆ ಗ್ಯಾರೆಟ್ ಬಂದು ಕಾರಿನ ಗಾಜು ತಟ್ಟಿದ. ಮರ್ಲ್ ಹೇಳಿದ್ದನ್ನು ಅವನು ಬರೆದುಕೊಂಡಿದ್ದ ಹಾಳೆಯನ್ನೂ ಲಕೋಟೆಯಲ್ಲಿದ್ದ ಸರಿಯುತ್ತರವನ್ನೂ ಕಾರಿನ ಮೂತಿಯ ಮೇಲೆ ಅಕ್ಕಪಕ್ಕ ಇಟ್ಟು ಆರ್ಡಿಸ್ ಮೂರು ಸಲ ಎಣಿಸಿದಳು.

"ಹನ್ನೊಂದು."

"ನಾಣ್ಯ ಚಿಮ್ಮಿದ್ರೂ ಹತ್ತು ಬರ್ತಿತ್ತು ಮರ್ಲ್!" ಗ್ಯಾರೆಟ್ ನಕ್ಕ. "ಒಂದೇ ಒಂದು ಜಾಸ್ತಿ. ಅದು ನಿಮ್ಮ ತಂತಿಗೆ ಸಂಬಳ ಅನ್ಕೊಳಿ."

"ನಗಪ್ಪಾ, ನಗು. ನಿನ್ನ ಗೋರಿ ಹುಡುಕೋಕೆ ನಾನಿರಲ್ಲ ಬಿಡು." ಮುದುಕ ತಂತಿಗಳನ್ನು ಬಟ್ಟೆಯಲ್ಲಿ ಸುತ್ತಿದ. ಆಮೇಲೆ ಆರ್ಡಿಸ್ ಕಡೆ ತಿರುಗಿದ. "ಸೋತೆ ಕಣಮ್ಮ, ಒಪ್ಕೊಂಡೆ. ಕೆಲವು ಕಡೆ ನಂಗೇ ಅನುಮಾನ ಇತ್ತು. ಆದ್ರೆ ಆ ಹದಿನಾಲ್ಕು ಇದ್ಯಲ್ಲ, ಅದ್ರ ಮೇಲೆ ಮಾತ್ರ ಆಣೆ ಇಡ್ತೀನಿ. ಅಲ್ಲಿ ಯಾರೂ ಇಲ್ಲ."

ಅವಳು ಹಾಳೆ ನೋಡಿದಳು. ಹದಿನಾಲ್ಕು: ಖಾಲಿ. ತಪ್ಪಿದ ಒಂಬತ್ತರಲ್ಲಿ ಅದೂ ಒಂದು.

ಇಬ್ಬರೂ ಹೋದ ಮೇಲೆ ಮುಸುಕುಗಳನ್ನು ಒಂದೊಂದಾಗಿ ತೆಗೆದಳು. ಸೋತವನ ಮಾತಿಗೆ ಬೆಲೆಯಿಲ್ಲ; ಅದನ್ನು ತೋರಿಸಲೆಂದೇ ಇಷ್ಟೆಲ್ಲ ಮಾಡಿದ್ದು. ಆದರೆ ಅವನ ಉತ್ತರಗಳನ್ನು ಅಳೆದದ್ದು ತನ್ನ ದಫ್ತರದಿಂದ. ದಫ್ತರವನ್ನು ಅಳೆದವರು ಯಾರು? ಅಲ್ಲಿ ಬರೆದದ್ದೆಲ್ಲ ಕಲ್ಲುಗಳನ್ನು ನೋಡಿ, ಮನೆಯವರು ಹೇಳಿದ್ದನ್ನು ಕೇಳಿ. ಬೀಗವನ್ನು ಎರಡು ಸಲ ಜಗ್ಗುವವಳು ಇದನ್ನು ಒಂದು ಸಲವೂ ಜಗ್ಗಿ ನೋಡಿರಲಿಲ್ಲ.

ಸ್ಮಶಾನದ ಸಾಮಾನಿನ ಕೊಠಡಿಯಲ್ಲಿ ಗೋರಿ ತೋಡುವವರ ಸರಳು ಇತ್ತು. ಎದೆಯೆತ್ತರದ ಉಕ್ಕು, ತುದಿಯಲ್ಲಿ ಅಡ್ಡ ಹಿಡಿ. ಹೊಸ ಗುಂಡಿ ತೋಡುವ ಮುನ್ನ ಪಕ್ಕದ ಪೆಟ್ಟಿಗೆ ಎಲ್ಲಿದೆ ಎಂದು ಅದರಿಂದಲೇ ಚುಚ್ಚಿ ನೋಡುತ್ತಾರೆ. ಮೊದಲು ಅಮ್ಮನ ಗೋರಿಯ ಮೇಲೆ ಒತ್ತಿದಳು. ಎರಡು ಮೊಳ ಇಳಿಯುತ್ತಲೇ ಠಣ್ ಎಂದು ಕಾಂಕ್ರೀಟು ತಗುಲಿ ಮೊಣಕೈವರೆಗೆ ಜುಮ್ಮೆಂದಿತು. ಅದರ ಪಕ್ಕದ್ದೇ ಲೈಲ್‌ನದು.

ಸರಳು ಇಳಿಯಿತು. ಎರಡು ಮೊಳ ದಾಟಿತು. ಹಿಡಿ ಹುಲ್ಲಿಗೆ ತಾಗುವವರೆಗೂ ಇಳಿಯಿತು. ಒಂದೊಂದು ಅಡಿಗೆ ಒಂದರಂತೆ, ತಲೆಯಿಂದ ಕಾಲಿನವರೆಗೆ ಏಳು ಕಡೆ ಚುಚ್ಚಿದಳು. ಏಳೂ ಕಡೆ ಬರೀ ಮಣ್ಣು. ಮೆತ್ತಗೆ ಕೂಡ ಇಲ್ಲ. ಎಂದೂ ಅಗೆಯದ ನೆಲದ ಬಿಗಿ.

ಇದರಿಂದ ಮರ್ಲ್ ಗೆದ್ದಂತಾಗಲಿಲ್ಲ. ಇಪ್ಪತ್ತಕ್ಕೆ ಹನ್ನೆರಡು ಆದೀತು, ಅಷ್ಟೇ. ಅದೂ ಕಾಕತಾಳೀಯವೇ. ಇಷ್ಟು ಲೆಕ್ಕ ಅವಳಿಗೆ ಬರುತ್ತಿತ್ತು. ಸರಳನ್ನು ಒರೆಸಿ ಇದ್ದ ಜಾಗದಲ್ಲೇ ಇಟ್ಟಳು.

ಮನೆಯಲ್ಲಿ ಅಪ್ಪ ಆಗಲೇ ಊಟದ ಮೇಜಿಗೆ ಬಂದು ಕೂತಿದ್ದ. ತೊಂಬತ್ತೊಂದಾದರೂ ಐದು ಗಂಟೆಗೆ ಸರಿಯಾಗಿ ಊಟ ಬೇಕು ಅವನಿಗೆ. ಅವಳು ಹುರುಳಿಕಾಯಿ ಸೂಪು ಬಡಿಸಿ, ಬೆನ್ನು ಹಾಕಿ ನಿಂತು ಕೈ ತೊಳೆಯತೊಡಗಿದಳು.

"ಎಷ್ಟು ಹೇಳ್ದ ನಿಮ್ಮ ತಂತಿ ಮುದುಕ?"

"ಹನ್ನೊಂದು, ಅಪ್ಪ."

"ಥೂ! ನಮ್ಮ ಕೋಳಿ ಕೆದಕಿದ್ರೂ ಅಷ್ಟು ಸಿಗ್ತಿತ್ತು." ಅವನು ಜೋರಾಗಿ ನಕ್ಕ. ಬ್ರೆಡ್ಡು ಮುರಿದ. ಸ್ವಲ್ಪ ಹೊತ್ತು ಚಮಚದ ಸದ್ದು ಕೇಳಿಸಿತು. ಆಮೇಲೆ ಅದು ನಿಂತಿತು.

"ತಪ್ಪಿದ್ದು ಯಾವ್ಯಾವ್ದು?"

ಇಡೀ ದಿನದಲ್ಲಿ ಆ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಆರ್ಡಿಸ್ ತಿರುಗಿದಳು. ಅಪ್ಪ ಅವಳ ಮುಖ ನೋಡುತ್ತಿರಲಿಲ್ಲ. ಅವಳ ಉಗುರಿನ ಸಂದಿಯಲ್ಲಿ ಇನ್ನೂ ಉಳಿದಿದ್ದ ಕಪ್ಪು ಮಣ್ಣನ್ನು ನೋಡುತ್ತಿದ್ದ.

"ಅಮ್ಮನ ಪಕ್ಕದ್ದು" ಎಂದಳು.

ಅವನು ಚಮಚವನ್ನು ತಟ್ಟೆಯ ಪಕ್ಕಕ್ಕೆ ನೇರವಾಗಿ ಇಟ್ಟ. ಬಾಯಿ ಒರೆಸಿಕೊಂಡ.

"ಬಾಗಿಲು ಹಾಕ್ಕೊಂಡು ಬಾ" ಎಂದ. "ಬಂದು ಕೂತ್ಕೊ."

ಆರ್ಡಿಸ್ ಬಾಗಿಲವರೆಗೆ ಹೋದಳು. ಚಿಲಕದ ಮೇಲೆ ಕೈ ಇಟ್ಟಳು. ಅದನ್ನು ಜಡಿಯಲು ಮಾತ್ರ ಆ ಕೈಗೆ ಮನಸ್ಸಾಗಲಿಲ್ಲ.